ಅದಿರಿನ ಸಾಲು ನಿಂತ ಮೇಲೆ

ಘಟ್ಟದ ಮೇಲಿನ ನಮ್ಮ ಸೀಮೆಗೂ ಕಡಲ ತೀರಕ್ಕೂ ಇರುವ ನಂಟನ್ನು ತಿಳಿಯಬೇಕಾದರೆ ಇತಿಹಾಸ ಗ್ರಂಥಗಳನ್ನೇ ತಿರುವಬೇಕೆಂದಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗ ಭಾಗದ ಹಳೆಯ ವರ್ತಕ ಮನೆತನಗಳ ಕಿರ್ದಿ ಪುಸ್ತಕಗಳನ್ನು ತೆರೆದರೂ ಸಾಕು. ಹತ್ತಿ, ಮೆಣಸಿನಕಾಯಿ, ಕಾಳುಕಡಿಗಳ ಲೆಕ್ಕದ ಮಗ್ಗುಲಲ್ಲಿಯೇ ತೆಂಗು, ಅಡಿಕೆ, ಉಪ್ಪು ಎಂಬ ಶಬ್ದಗಳು ಕಾಣಿಸಿಕೊಳ್ಳುತ್ತವೆ. ಇಳಿದು ಹೋದ ಸರಕಿನ ಬೆಲೆಯನ್ನು ನಮ್ಮ ಹಿರಿಯರು ಕಾಸು ಕಾಸಿಗೆ ಬರೆದಿಟ್ಟರು. ಆ ಸರಕು ಹಾದುಹೋದ ಊರುಗಳಲ್ಲಿ, ಅದು ನಿಂತುಹೋದ ಮೇಲೆ, ಜನ ಹೇಗೆ ಬಾಳಿದರು ಎಂಬುದಕ್ಕೆ ಆ ಕಿರ್ದಿಗಳಲ್ಲಿ ಕಲಮೇ ಇಲ್ಲ. ಕಾರವಾರ ಮತ್ತು ಅಂಕೋಲೆಗಳ ಬಗೆಗೆ ನಾವು ಇಲ್ಲಿ ಹೇಳಬಯಸುವುದು ಆ ಬರೆಯದೆ ಉಳಿದ ಲೆಕ್ಕವನ್ನು.

ನಾವು ಮಠದ ಪಾಠಶಾಲೆಯಲ್ಲಿ ಅನ್ನ, ಅಕ್ಷರ ಎರಡನ್ನೂ ಪಡೆದು ಬೆಳೆದವರು. ವ್ಯಾಕರಣ, ಕಾವ್ಯ, ವಚನಶಾಸ್ತ್ರ ಎಂದು ಆಯುಷ್ಯ ಕಳೆದವರಿಗೆ ಬಂದರು, ಲಾರಿ, ಅದಿರುಗಳ ಗೊಡವೆ ಏತಕ್ಕೆ ಎಂದು ಕೆಲವು ಸದ್ಭಕ್ತರು ಕೇಳಬಹುದು. ಕಾರಣವಿಷ್ಟೆ: ಕಾರವಾರದ ಕಚೇರಿಗಳಲ್ಲಿ, ಕೈಗಾದ ವಿದ್ಯುತ್ ಸ್ಥಾವರದಲ್ಲಿ ನೌಕರಿ ಮಾಡುವ ನಮ್ಮ ಭಾಗದ ಕುಟುಂಬಗಳು ಶ್ರಾವಣ ಮಾಸದ ಪ್ರವಚನಕ್ಕೆಂದು ನಮ್ಮನ್ನು 1996ರಲ್ಲಿ ಮೊದಲ ಬಾರಿಗೆ ಕರೆದವು. ಕೋವಿಡ್ ಹಾವಳಿಯ ಎರಡು ವರ್ಷಗಳನ್ನು ಬಿಟ್ಟರೆ ಅಂದಿನಿಂದ ಆ ಕರೆ ತಪ್ಪಿಲ್ಲ, ನಮ್ಮ ಪ್ರಯಾಣವೂ ತಪ್ಪಿಲ್ಲ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು, ಸುಂಕಸಾಳ, ರಾಮನಗುಳಿ, ಅಗಸೂರುಗಳ ಮೂಲಕ ಬಾಳೆಗುಳಿ ಕ್ರಾಸಿಗೆ ಬಂದು ಉತ್ತರಕ್ಕೆ ತಿರುಗಿದರೆ ಕಾರವಾರದ ದಾರಿ. ಒಂದೇ ದಾರಿಯನ್ನು ಸುಮಾರು ಮೂವತ್ತು ವರ್ಷ ಕಂಡವನಿಗೆ ಕೆಲವು ಸಂಗತಿಗಳು ಬೇಡವೆಂದರೂ ಕಣ್ಣಿಗೆ ಬೀಳುತ್ತವೆ.

ಮೊದಲು ಹಳೆಯ ಕಥೆ. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದ ಬಳಿಯ ಕಡವಾಡದಲ್ಲಿ ಕೋಠಿ ತೆರೆದದ್ದು ಘಟ್ಟದ ಕಾಳುಮೆಣಸಿಗಾಗಿ ಮತ್ತು ಒಳನಾಡಿನ ನೇಕಾರರ ನಯವಾದ ಬಟ್ಟೆಗಾಗಿ. ಅದು ದೂರದ ಮಾತು. ನಮಗೆ ಹತ್ತಿರದ್ದು ಹತ್ತಿಯ ಮಾತು. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡದ ಕಪ್ಪು ಮಣ್ಣಿನ ಮೇಲೆ ಬಿತ್ತು. ಆ ಹತ್ತಿಯನ್ನು ಹಡಗಿಗೆ ಏರಿಸಲು ಕಾಳಿ ನದಿಯ ಮುಖದಲ್ಲಿರುವ ಕಾರವಾರ, ಸದಾಶಿವಗಡಗಳ ಬಂದರು ಪ್ರಶಸ್ತವೆಂದು ಗಿರಣಿ ಮಾಲೀಕರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಆಸೆಯೂ ಇತ್ತು. ಘಟ್ಟದ ರಸ್ತೆಗಳು ಅಗಲವಾದವು. ಎತ್ತಿನ ಗಾಡಿಗಳ ಸಾಲು ಇಳಿಯಿತು. ಕುಮಟೆಯಲ್ಲಿ ಒಂದು ಹತ್ತಿಯ ಗಿಡವೂ ಬೆಳೆಯದಿದ್ದರೂ ನಮ್ಮ ಹೊಲದ ಹತ್ತಿ ಲಿವರ್‌ಪೂಲಿನ ಪೇಟೆಯಲ್ಲಿ ‘ಕುಮಟಾ’ ಹತ್ತಿಯೆಂದೇ ಹೆಸರಾಯಿತು! ಬೆಳೆದವನ ಊರಿನ ಹೆಸರು ಅಳಿದು ಹಡಗೇರಿದ ಊರಿನ ಹೆಸರು ಉಳಿಯುವುದು ವ್ಯಾಪಾರದ ರೂಢಿ.

ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಹಾಕಬೇಕೆಂಬ ಮಾತು ಆಗಲೇ ಇತ್ತು. ಆದರೆ ರೈಲು ಹೋದದ್ದು ಬೇರೆ ಕಡೆಗೆ. ಕ್ಯಾಸಲ್‌ರಾಕ್ ಮೂಲಕ ಗೋವೆಯ ಮುರಗಾಂವ ಬಂದರಿಗೆ ಹಳಿ ಬಿದ್ದು 1888ರ ಸುಮಾರಿಗೆ ಓಡಾಟ ಪೂರ್ಣವಾದ ಮೇಲೆ ಹತ್ತಿ ಗಾಡಿಯಿಂದ ಡಬ್ಬಿಗೆ ಏರಿತು. ಕಾರವಾರದ ವ್ಯಾಪಾರ ಕುಗ್ಗಿತು. ಅದಕ್ಕೆ ಕೆಲವೇ ವರ್ಷ ಮೊದಲು ಕವಿ ರವೀಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರು. ‘ಪ್ರಕೃತಿರ ಪ್ರತಿಶೋಧ’ ನಾಟಕವನ್ನು ಅಲ್ಲಿ ಬರೆದರು. ಕಾರವಾರವೆಂದರೆ ಇಂದಿಗೂ ಭಾಷಣಕಾರರು ಕವಿಗಳನ್ನು ನೆನೆಯುತ್ತಾರೆ. ಘಟ್ಟದಲ್ಲಿ ಗಾಡಿ ಹೊಡೆಯುತ್ತಿದ್ದವರು, ಬಂದರಿನಲ್ಲಿ ಅಂಡಿಗೆ ಹೊರುತ್ತಿದ್ದವರು ಆ ಮೇಲೆ ಏನು ಮಾಡಿದರು ಎಂದು ಕೇಳುವವರಿಲ್ಲ. ಊರು ಮಾತ್ರ ಕೋರ್ಟು, ಕಲೆಕ್ಟರ ಕಚೇರಿ, ಶಾಲೆಗಳ ಊರಾಗಿ ಉಳಿಯಿತು. ಸಂಬಳದ ಊರು ಎನ್ನಬಹುದು.

ಆ ಸ್ವಭಾವ ಕಾರವಾರಕ್ಕೆ ಹೋಗಲೇ ಇಲ್ಲ. ಬಿಣಗಾದಲ್ಲಿ 1970ರ ದಶಕದಲ್ಲಿ ಆರಂಭವಾದ ಕಾಸ್ಟಿಕ್ ಸೋಡಾ ಕಾರ್ಖಾನೆ ಮಾಲೀಕರು ಬದಲಾದರೂ ನಡೆಯುತ್ತಿದೆ. ಕೈಗಾದಲ್ಲಿ 1994ರ ಮೇ 13ರಂದು ನಿರ್ಮಾಣ ಹಂತದ ಸ್ಥಾವರವೊಂದರ ಗುಮ್ಮಟದ ಕಾಂಕ್ರೀಟು ಕುಸಿದ ಸುದ್ದಿ ನಾಡಿಗೆಲ್ಲ ಹಬ್ಬಿತ್ತು. 2000ದಲ್ಲಿ ಎರಡು, 2007 ಮತ್ತು 2011ರಲ್ಲಿ ಒಂದೊಂದು, ಹೀಗೆ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು ವಿದ್ಯುತ್ತನ್ನು ಕೊಡತೊಡಗಿದವು. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲಿಟ್ಟರು. ಕಾರವಾರ, ಅಂಕೋಲಾ ತಾಲೂಕುಗಳ ಹದಿಮೂರು ಹಳ್ಳಿಗಳ ನಾಲ್ಕು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ತೀರವನ್ನು ಬಿಟ್ಟು ಹೆದ್ದಾರಿಯ ಆಚೆಗಿನ ಪುನರ್ವಸತಿ ಕಾಲೊನಿಗಳಿಗೆ ನಡೆದವು. ನೆಲೆ 2005ರ ಮೇ 31ರಂದು ‘ಕದಂಬ’ ಎಂಬ ಹೆಸರಿನಿಂದ ಕಾರ್ಯಾರಂಭ ಮಾಡಿತು. ದೇಶರಕ್ಷಣೆಯ ಕಾರ್ಯಕ್ಕೆ ಎರಡು ಮಾತಿಲ್ಲ. ಆದರೆ ಭೂಮಿಯ ಪರಿಹಾರ ಹೆಚ್ಚಿಸಬೇಕೆಂಬ ಮೊಕದ್ದಮೆಗಳು ಆ ಕಾಲೊನಿಗಳ ಮಕ್ಕಳೊಂದಿಗೇ ಬೆಳೆದು ದೊಡ್ಡವಾದವು. ಅಪ್ಪ ಹಾಕಿದ ದಾವೆಯ ತೀರ್ಪನ್ನು ಮೊಮ್ಮಗ ಓದಿದ ಮನೆಗಳೂ ಅಲ್ಲಿವೆ.

ಅಲ್ಲಿಯ ಮೀನುಗಾರರ ವಿಷಯದಲ್ಲಿ ನಾವು ಹೆಚ್ಚು ಹೇಳಿದರೆ ನಗೆಪಾಟಲಾದೀತು. ನಮ್ಮ ಪಂಕ್ತಿಯಲ್ಲಿ ಮೀನಿನ ಹೆಸರು ಹೇಳಿದವರೂ ಕೈ ತೊಳೆದು ಬರಬೇಕಾಗಿತ್ತು. ಆದರೂ ಕಾರವಾರದ ಕಡಲ ದಂಡೆಯಲ್ಲಿ ವೃದ್ಧರೊಬ್ಬರು ನಮಗೆ ವಿವರಿಸಿದ ರಾಂಪಣಿ ಬಲೆಯ ಕ್ರಮವನ್ನು ಹೇಳದೆ ಇರಲಾರೆವು. ದೋಣಿಯಿಂದ ಬಲೆಯನ್ನು ಅರ್ಧಚಂದ್ರಾಕಾರವಾಗಿ ಸಮುದ್ರದಲ್ಲಿ ಬಿಟ್ಟು, ಎರಡೂ ತುದಿಗಳ ಹಗ್ಗವನ್ನು ದಂಡೆಯ ಮೇಲೆ ನಿಂತ ಹತ್ತಾರು, ಕೆಲವೊಮ್ಮೆ ನೂರಾರು ಜನ ಎಳೆಯುತ್ತಿದ್ದರು. ಬಂಗಡೆಯ ರಾಶಿ ದಂಡೆಗೆ ಬಂದ ಮೇಲೆ ದೋಣಿಗೊಂದು ಪಾಲು, ಬಲೆಗೊಂದು ಪಾಲು, ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಒಂದೊಂದು ಪಾಲು. 1970ರ ದಶಕದ ಕೊನೆಯ ಹೊತ್ತಿಗೆ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಬಂದು ಮೀನಿನ ಹಿಂಡನ್ನು ನಡುಗಡಲಿನಲ್ಲಿಯೇ ಸುತ್ತುವರಿದು ಹಿಡಿಯತೊಡಗಿದವು. ಹಿಡಿದ ಮೀನಿನ ತೂಕ ಹೆಚ್ಚಿತು. ಹಗ್ಗ ಎಳೆಯುವ ಕೈಗಳು ಬೇಡವಾದವು. ಆ ವೃದ್ಧರು ಇದನ್ನು ದೂರಾಗಿ ಹೇಳಲಿಲ್ಲ, ಮಳೆ ಬಂದು ಹೋಯಿತು ಎಂಬಂತೆ ಹೇಳಿದರು.

ಇನ್ನು ಅಂಕೋಲೆ. ಕಾರವಾರಕ್ಕೆ ಕಚೇರಿಗಳ ಆಸರೆಯಿದೆ. ಅಂಕೋಲೆಗೆ ಗದ್ದೆ, ಉಪ್ಪು, ಮೀನು, ಮಾವುಗಳ ಆಸರೆ. 1930ರ ಏಪ್ರಿಲ್ 13ರಂದು ಇಲ್ಲಿ ಉಪ್ಪಿನ ಕಾಯದೆ ಮುರಿದರು. ಮುಂದೆ ಕರನಿರಾಕರಣೆ ಮಾಡಿ ಜಮೀನು ಜಪ್ತಿಯಾದರೂ ಬಗ್ಗದೆ ಕರ್ನಾಟಕದ ಬಾರ್ಡೋಲಿ ಎಂಬ ಬಿರುದನ್ನು ಈ ತಾಲೂಕು ಪಡೆಯಿತು. ಚುಟುಕ ಕವಿ ದಿನಕರ ದೇಸಾಯಿಯವರು ಈ ನೆಲದವರು. ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘ ಕಟ್ಟಿ, ಇಲ್ಲಿ ಗೇಣಿದಾರ ರೈತರ ಬೆನ್ನಿಗೆ ನಿಂತು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಊರೂರಿಗೆ ಹೈಸ್ಕೂಲು ಕೊಟ್ಟರು. ಇಂಥ ಊರಿಗೆ 2003ರ ಸುಮಾರಿನಿಂದ ಬಳ್ಳಾರಿಯ ಕೆಂಪು ಮಣ್ಣು ಬರತೊಡಗಿತು.

ಚೀನಾ ದೇಶ 2008ರ ಒಲಿಂಪಿಕ್ಸಿಗಾಗಿಯೂ ತನ್ನ ನಗರಗಳಿಗಾಗಿಯೂ ಉಕ್ಕನ್ನು ನುಂಗುತ್ತಿದ್ದ ಕಾಲ ಅದು. ಹೊಸಪೇಟೆ, ಸಂಡೂರುಗಳ ಅದಿರು ಗದಗ, ಹುಬ್ಬಳ್ಳಿಗಳ ಮೂಲಕ ಮುನ್ನೂರು ಕಿಲೋಮೀಟರಿಗೆ ಸಮೀಪದ ದಾರಿಯನ್ನು ಲಾರಿಗಳ ಮೇಲೆ ಸವೆಸಿ ಅಂಕೋಲೆಯ ಉತ್ತರಕ್ಕಿರುವ ಬೇಲೆಕೇರಿ ಬಂದರನ್ನು ಸೇರುತ್ತಿತ್ತು. ಬೇಲೆಕೇರಿ ಆಳವಾದ ಬಂದರಲ್ಲ. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತದೆ. ದಂಡೆಯಲ್ಲಿ ರಾಶಿ ಹಾಕಿದ ಅದಿರನ್ನು ಬಾರ್ಜುಗಳಲ್ಲಿ ತುಂಬಿ ಅದರ ಬಳಿಗೆ ಒಯ್ಯಬೇಕು. ಐವತ್ತು ಸಾವಿರ ಟನ್ನಿನ ಒಂದು ಹಡಗು ತುಂಬಬೇಕಾದರೆ ಹದಿನಾರು ಟನ್ನಿನ ಲಾರಿಗಳು ಮೂರು ಸಾವಿರಕ್ಕಿಂತ ಹೆಚ್ಚು ಬೇಕು. ಹದಿನಾರರ ನಿಯಮವನ್ನು ಪಾಲಿಸಿದವರು ಎಷ್ಟು ಜನ ಎಂಬುದು ಬೇರೆ ಮಾತು. ಮಿತಿಮೀರಿ ತುಂಬಿ ನರಳುತ್ತ ಘಟ್ಟ ಇಳಿಯುತ್ತಿದ್ದ ಲಾರಿಗಳ ಹಣೆಯ ಮೇಲೆ ಕಾಯಕದ ಮಹಿಮೆಯನ್ನು ಸಾರುವ ಬರಹಗಳನ್ನು ನಾವು ಕಣ್ಣಾರೆ ಓದಿದ್ದೇವೆ. ಶರಣರ ಶಬ್ದಗಳನ್ನು ನಮ್ಮ ಜನ ಎಲ್ಲಿ ಬೇಕಾದರೂ ಅಂಟಿಸಬಲ್ಲರು.

2007ರ ಶ್ರಾವಣದಲ್ಲಿ ಯಲ್ಲಾಪುರದಿಂದ ಬಾಳೆಗುಳಿಗೆ ಬರಲು ನಮಗೆ ಏಳು ತಾಸು ಹಿಡಿಯಿತು. ಅಷ್ಟೂ ದಾರಿ ಲಾರಿಯ ಹಿಂದೆ ಲಾರಿ. ಮಳೆಯಿದ್ದರೆ ರಸ್ತೆ ಕೆಂಪು ರಾಡಿ, ಮಳೆ ಬಿಟ್ಟರೆ ಗಿಡದ ಎಲೆ, ಮನೆಯ ಹಂಚು, ಒಣಹಾಕಿದ ಬಟ್ಟೆ ಎಲ್ಲವೂ ಒಂದೇ ಬಣ್ಣ. ರಸ್ತೆಯ ಪಕ್ಕದ ಮನೆಗಳ ತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸಿ ಅವು ಮರಳುವವರೆಗೆ ಬಾಗಿಲಲ್ಲಿಯೇ ನಿಂತಿರುತ್ತಿದ್ದರು. ಅದೇ ಕಾಲಕ್ಕೆ ಪಂಕ್ಚರ್ ಅಂಗಡಿ, ಚಹದಂಗಡಿ, ತೂಕದ ಕಟ್ಟೆ, ಗ್ಯಾರೇಜುಗಳು ಎದ್ದವು. ನಿನ್ನೆ ಗದ್ದೆ ಕೆಲಸ ಮಾಡುತ್ತಿದ್ದ ಹುಡುಗ ಇಂದು ತೂಕದ ಚೀಟಿ ಬರೆಯುವ ಗುಮಾಸ್ತನಾದ. ಊರಿನಲ್ಲಿ ಹಣ ಓಡಾಡಿತು. ಇದನ್ನು ಮರೆಮಾಚಿ ಬರೆದರೆ ಅನ್ಯಾಯವಾಗುತ್ತದೆ.

ಹೀಗೆ ಎದ್ದವುಗಳಲ್ಲಿ ಒಂದು ಖಾನಾವಳಿ. ಕಲಘಟಗಿ ತಾಲೂಕಿನ ನಮ್ಮ ಸಮಾಜದ ದಂಪತಿಗಳು 2005ರಲ್ಲಿ ಬಾಳೆಗುಳಿಯ ಹತ್ತಿರ ತಗಡಿನ ಚಪ್ಪರ ಹಾಕಿ ಅದನ್ನು ಆರಂಭಿಸಿದರು. ಪತಿಗೆ ಒಂದು ಲಾರಿ ಇತ್ತು. ಪತ್ನಿ ರೊಟ್ಟಿ ಬಡಿಯುವುದರಲ್ಲಿ ಹೆಸರಾದವರು. ಕುಚ್ಚಲಕ್ಕಿ ಅನ್ನ, ಮೀನಿನ ಸಾರಿನ ನಾಡಿನಲ್ಲಿ ಬಯಲುಸೀಮೆಯ ಚಾಲಕರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ ಸಿಕ್ಕರೆ ಮನೆ ಸಿಕ್ಕಂತೆ. ದಿನಕ್ಕೆ ಮುನ್ನೂರು ರೊಟ್ಟಿ ಖರ್ಚಾಗುತ್ತಿದ್ದ ದಿನಗಳನ್ನು ನಾವು ನೋಡಿದ್ದೇವೆ. ಹಸಿ ಹವೆಯಲ್ಲಿ ಖಡಕ್ ರೊಟ್ಟಿ ಒಂದೇ ರಾತ್ರಿಗೆ ಮೆತ್ತಗಾಗುತ್ತದೆಂದು ಆ ತಾಯಿ ಒಲೆಯ ಮೇಲುಗಡೆ ಬಿದಿರಿನ ಅಟ್ಟ ಕಟ್ಟಿಸಿ, ಹೊಗೆಯ ಬೆಚ್ಚನೆಯಲ್ಲಿ ರೊಟ್ಟಿಗಳನ್ನು ಜೋಡಿಸಿಡುತ್ತಿದ್ದರು. ನಮಗೆ ಮಾತ್ರ ಪ್ರತ್ಯೇಕ ಮಡಿಯ ಬುಟ್ಟಿ! ಬೇಡವೆಂದರೂ ಕೇಳುತ್ತಿರಲಿಲ್ಲ. 2009ರಲ್ಲಿ ಮೊದಲಿನ ಲಾರಿಯ ಮೇಲೆಯೇ ಸಾಲವೆತ್ತಿ ಎರಡನೆಯ ಲಾರಿ ಕೊಂಡು, ಅದರ ಪೂಜೆಗೆ ನಮ್ಮನ್ನು ಕರೆದಿದ್ದರು.

ಮುಂದಿನದು ಪತ್ರಿಕೆ ಓದುವವರಿಗೆಲ್ಲ ತಿಳಿದ ಸಂಗತಿ. 2010ರ ಮಾರ್ಚಿನಲ್ಲಿ ಬೇಲೆಕೇರಿಯಲ್ಲಿ ಅಕ್ರಮವೆಂದು ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಅದಿರಿನಲ್ಲಿ ಲಕ್ಷಾಂತರ ಟನ್ ಕಾಣೆಯಾಯಿತು. ಲೋಕಾಯುಕ್ತ ಸಂತೋಷ ಹೆಗ್ಡೆಯವರು ಈ ಪ್ರಕರಣದ ಬಿಸಿಯಲ್ಲಿಯೇ ಜೂನ್ ತಿಂಗಳಲ್ಲಿ ರಾಜೀನಾಮೆ ಕೊಟ್ಟು, ಬಳಿಕ ಹಿಂದಕ್ಕೆ ಪಡೆದರು. ಜುಲೈ ತಿಂಗಳಲ್ಲಿ ರಾಜ್ಯ ಸರಕಾರ ತನ್ನ ಬಂದರುಗಳಿಂದ ಅದಿರು ರಫ್ತನ್ನು ನಿಷೇಧಿಸಿತು. ಮರುವರ್ಷ ಲೋಕಾಯುಕ್ತರ ವರದಿ ಬಂತು. ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಬೇಲೆಕೇರಿ ಪ್ರಕರಣದಲ್ಲಿ 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದೆ, ಮೇಲ್ಮನವಿಗಳು ನಡೆದಿವೆ. ಕಳ್ಳತನ ನಿಲ್ಲಬೇಕಾಗಿತ್ತು, ನಿಂತದ್ದು ಸರಿಯೇ ಆಯಿತು. ಆದರೆ ಆ ಕಳ್ಳತನದಲ್ಲಿ ಕೋಟಿ ಕಂಡವರ ಸಂಗಡ ರೊಟ್ಟಿ ಮಾರಿದವರ ಬಾಳೂ ನಿಂತಿತು. ಇಬ್ಬರಿಗೂ ಕಾನೂನು ಒಂದೇ ದಿನ ಜಾರಿಗೆ ಬಂತು. ಪೆಟ್ಟು ಬೇರೆ ಬೇರೆಯಾಗಿ ಬಿತ್ತು.

2010ರ ಶ್ರಾವಣದಲ್ಲಿ ನಾವು ಇಳಿದಾಗ ಆ ದಾರಿಯ ಮೌನ ನಮ್ಮನ್ನು ತಬ್ಬಿಬ್ಬುಗೊಳಿಸಿತು. ಯಲ್ಲಾಪುರದಿಂದ ಬಾಳೆಗುಳಿಗೆ ಎರಡೇ ತಾಸು. ಮಳೆಯಲ್ಲಿ ತೊಳೆದ ಎಲೆಗಳು ಹಸಿರಾಗಿದ್ದವು. ಅರ್ಧ ಮುಚ್ಚಿದ ಗ್ಯಾರೇಜುಗಳ ಮುಂದೆ ನಾಯಿಗಳು ಮಲಗಿದ್ದವು. ಖಾನಾವಳಿಯಲ್ಲಿ ಆ ದಿನ ಇಪ್ಪತ್ತು ರೊಟ್ಟಿಯೂ ಹೋಗಿರಲಿಲ್ಲ. ಎರಡೂ ಲಾರಿಗಳು ಹಿತ್ತಲಿನಲ್ಲಿ ನಿಂತು ಅವುಗಳ ಗಾಲಿಗಳ ಸುತ್ತ ಹುಲ್ಲು ಬೆಳೆಯುತ್ತಿತ್ತು. ಕಂತು ಮಾತ್ರ ನಿಲ್ಲಲಿಲ್ಲ. 2011ರಲ್ಲಿ ಸಾಲ ಕೊಟ್ಟ ಸಂಸ್ಥೆಯವರು ಬಂದು ಎರಡನ್ನೂ ಒಯ್ದರು. ಮಾಲೀಕರಾಗಿದ್ದ ಆ ಭಕ್ತರು ಪರರ ಲಾರಿಗೆ ಸಂಬಳದ ಚಾಲಕರಾದರು. ದೂರದ ಊರುಗಳ ದಾರಿ, ನಿದ್ದೆಗೇಡು, ಸಕ್ಕರೆ ಕಾಯಿಲೆ. 2017ರಲ್ಲಿ ಲಿಂಗೈಕ್ಯರಾದರು.

ಆ ತಾಯಿ ಊರಿಗೆ ಮರಳುವರೆಂದು ಎಲ್ಲರಂತೆ ನಾವೂ ಭಾವಿಸಿದ್ದೆವು. ಅವರು ಮರಳಲಿಲ್ಲ. ಅಂಕೋಲೆಯ ಪೇಟೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಒಕ್ಕಲ ಹೆಂಗಸೊಬ್ಬರ ಪರಿಚಯ ಅವರಿಗೆ ಮೊದಲಿನಿಂದಲೂ ಇತ್ತು. ಬದನೆಕಾಯಿ, ಸೊಪ್ಪು ಅವರಿಂದಲೇ ಬರುತ್ತಿತ್ತು. ಕೊರಳ ತುಂಬ ಕರಿಮಣಿ ಧರಿಸಿ ನಸುಕಿನಲ್ಲಿ ಬುಟ್ಟಿ ಹೊತ್ತು ಬರುವ ಈ ತಾಯಂದಿರನ್ನು ನೋಡದೆ ಅಂಕೋಲೆಯನ್ನು ನೋಡಿದಂತಾಗುವುದಿಲ್ಲ. 2017ರಲ್ಲಿ ಪದ್ಮಶ್ರೀ ಪಡೆದ ಜಾನಪದ ಗಾಯಕಿ ಸುಕ್ರಿ ಬೊಮ್ಮಗೌಡರು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಿಂದ ಆರಂಭಿಸಿ ಸಸಿ ಬೆಳೆಸುತ್ತಲೇ ಮುಪ್ಪಾಗಿ 2020ರ ಸಾಲಿನ ಪದ್ಮಶ್ರೀ ಪಡೆದ ತುಳಸಿ ಗೌಡರು ಇದೇ ತಾಲೂಕಿನ ಇದೇ ಸಮುದಾಯದವರು. ಇಬ್ಬರೂ ಈಗ ಇಲ್ಲ. ಆ ತರಕಾರಿಯ ಹೆಂಗಸು ತನ್ನ ಬುಟ್ಟಿಯ ಪಕ್ಕದಲ್ಲಿ ಒಂದು ಮೊಳ ಜಾಗ ಸರಿಸಿಕೊಟ್ಟು, ನಿನ್ನ ರೊಟ್ಟಿಯನ್ನು ಇಲ್ಲಿಟ್ಟು ನೋಡು ಎಂದರಂತೆ. ಪೇಟೆಯಲ್ಲಿ ಒಂದು ಮೊಳ ಜಾಗದ ಬೆಲೆ ಏನೆಂಬುದನ್ನು ವ್ಯಾಪಾರ ಮಾಡಿದವರೇ ಬಲ್ಲರು.

ಮೊದಮೊದಲು ಯಾರೂ ಕೊಳ್ಳಲಿಲ್ಲ. ಅಲ್ಲಿಯವರಿಗೆ ಅದು ಹಪ್ಪಳದಂತೆ ಕಂಡಿರಬೇಕು. ಆ ಮೇಲೆ ಕರಾವಳಿಯ ಹೆದ್ದಾರಿ ಅಗಲವಾಗತೊಡಗಿತು, ನೌಕಾನೆಲೆಯ ಎರಡನೆಯ ಹಂತದ ಕಟ್ಟಡಗಳು ಎದ್ದವು. ಆ ಕೂಲಿಗೆ ಬಂದವರಲ್ಲಿ ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆಯವರು ಬಹಳ. ಅವರು ಖಾನಾವಳಿಯ ಊಟಕ್ಕೆ ಹಣ ಚೆಲ್ಲುವವರಲ್ಲ. ಹತ್ತು ರೊಟ್ಟಿ, ಒಂದು ಪೊಟ್ಟಣ ಚಟ್ನಿಪುಡಿ ಕೊಂಡು ಶೆಡ್ಡಿಗೆ ಒಯ್ಯುತ್ತಾರೆ. ಕೈಗಾದವರ ವಸತಿಯಿರುವ ಮಲ್ಲಾಪುರದಲ್ಲಿ ನಮ್ಮ ಪ್ರವಚನಕ್ಕೆ ಬರುವ ತಾಯಂದಿರು ಸುದ್ದಿ ತಿಳಿದು ತಿಂಗಳ ರೊಟ್ಟಿ ಗೊತ್ತು ಮಾಡಿದರು. ಕಾಲೇಜು ವಿದ್ಯಾರ್ಥಿಗಳು, ವರ್ಗವಾಗಿ ಬಂದ ಗುಮಾಸ್ತರು, ಬಸ್ ಡಿಪೋದ ಚಾಲಕರು ಹೀಗೆ ಒಬ್ಬೊಬ್ಬರೇ ಸೇರಿದರು. ಈಗ ಇಬ್ಬರು ಹೆಂಗಸರನ್ನು ಕೆಲಸಕ್ಕಿಟ್ಟುಕೊಂಡಿದ್ದಾರೆ. ಒಬ್ಬಳು ಸೀಬರ್ಡ್ ನಿರಾಶ್ರಿತರ ಕಾಲೊನಿಯವಳು. ಅಕ್ಕಿ ರೊಟ್ಟಿಯ ಕೈ ಜೋಳಕ್ಕೆ ಹೊಂದಲು ಆರು ತಿಂಗಳು ಬೇಕಾಯಿತೆಂದು ನಕ್ಕರು. ಇವರ ಮಾತಿನಲ್ಲಿಯೂ ಈಗ ಅಂಕೋಲೆಯ ರಾಗ ಸೇರಿಕೊಂಡಿದೆ. ಒಂದು ಸಲ ಮೇ ತಿಂಗಳಲ್ಲಿ ಹೋದಾಗ ನಮಗೆ ಬುಟ್ಟಿ ತುಂಬ ಕರಿ ಇಷಾಡ ಮಾವು ಕೊಟ್ಟರು. 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಆ ಹಣ್ಣಿನ ಸಿಪ್ಪೆ ಬಹಳ ತೆಳು. ದೂರದ ಪ್ರಯಾಣ ಅದಕ್ಕಾಗದು. ಹುಬ್ಬಳ್ಳಿಗೆ ತಲುಪುವಷ್ಟರಲ್ಲಿ ಅರ್ಧ ಹಣ್ಣು ಸೋರಿ ನಮ್ಮ ಪುಸ್ತಕದ ಗಂಟು ಸಿಹಿಯಾಯಿತು.

ಅವರ ಬಳಿ ಒಂದು ಉದ್ರಿ ಪುಸ್ತಕವಿದೆ. 2010ರ ಜುಲೈಗೆ ಅದರ ಕೊನೆಯ ಪುಟ. ಹೊಸಪೇಟೆ, ಕೊಪ್ಪಳ, ಗದಗ ಕಡೆಯ ನಲವತ್ತಕ್ಕೂ ಹೆಚ್ಚು ಚಾಲಕರ ಹೆಸರು, ಎದುರಿಗೆ ನೂರಿನ್ನೂರರ ಬಾಕಿ. ಮುಂದಿನ ಟ್ರಿಪ್ಪಿಗೆ ಕೊಡುತ್ತೇವೆಂದು ಹೋದವರಿಗೆ ಮುಂದಿನ ಟ್ರಿಪ್ಪೇ ಬರಲಿಲ್ಲ. ಅದನ್ನು ಹರಿದು ಒಲೆಗೆ ಹಾಕಬಾರದೇ ಎಂದು ನಾವು ಕೇಳಿದ್ದುಂಟು. ಅವರು ಹಾಕಿಲ್ಲ. 2019ರಲ್ಲಿ ಒಬ್ಬ ಚಾಲಕ, ಈಗ ಖಾ‍ಸಗಿ ಬಸ್ಸು ನಡೆಸುವವನು, ಪ್ರಯಾಣಿಕರನ್ನು ಕಾಯಲು ಹೇಳಿ ಇಳಿದು ಬಂದು ನೂರ ನಲವತ್ತು ರೂಪಾಯಿ ಕೊಟ್ಟು ಹೋದನಂತೆ. ಆ ಒಂದು ಹೆಸರಿನ ಮೇಲೆ ಗೀಟು ಎಳೆದಿದ್ದಾರೆ.

2024 ಆ ದಾರಿಯವರಿಗೆ ಕಠಿಣ ವರ್ಷ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ, ಪಕ್ಕದ ಚಹದಂಗಡಿಯನ್ನೂ, ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಚಹದಂಗಡಿಯ ಕುಟುಂಬವೂ ಚಾಲಕರೂ ಬಲಿಯಾದರು. ಕೇರಳದ ಒಂದು ಲಾರಿಯನ್ನು ನದಿಯ ತಳದಿಂದ ಎತ್ತಿದ್ದು ಸೆಪ್ಟೆಂಬರ್ 25ರಂದು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆ ಶ್ರಾವಣದ ಪ್ರವಚನದಲ್ಲಿ ಸಭೆಯ ಕಿವಿ ನಮ್ಮ ಕಡೆಗೆ ಇರಲಿಲ್ಲ. ಇರಬೇಕೆಂದು ನಾವು ಅಪೇಕ್ಷಿಸಲೂ ಇಲ್ಲ. ಹೆದ್ದಾರಿಯ ಪಕ್ಕದ ಚಹದಂಗಡಿ, ಖಾನಾವಳಿಗಳಲ್ಲಿ ಕುಳಿತವರು ಪ್ರತಿ ಜೋರು ಮಳೆಗೂ ಹಿಂದಿನ ಗುಡ್ಡದತ್ತ ತಿರುಗಿ ನೋಡುತ್ತಿದ್ದರು.

ಈಗ ಮತ್ತೊಂದು ಸರಕಿನ ಮಾತು ಎದ್ದಿದೆ. ಅಂಕೋಲೆ ಪಟ್ಟಣದ ಪಕ್ಕದ ಕೇಣಿಯಲ್ಲಿ ಹೊಸ ಬಂದರು ಕಟ್ಟಲು 2023ರ ನವೆಂಬರಿನಲ್ಲಿ ಜೆ.ಎಸ್.ಡಬ್ಲ್ಯು. ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ಒಪ್ಪಿಗೆಯ ಪತ್ರ ದೊರೆಯಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಆರಂಭದ ಸಾಮರ್ಥ್ಯ ವರ್ಷಕ್ಕೆ ಮೂರು ಕೋಟಿ ಟನ್. ಕೇಣಿಯ ಮೀನುಗಾರರು ಬೇಡವೆಂದು 2025ರಲ್ಲಿ ಬೀದಿಗಿಳಿದರು, ಅಂಕೋಲೆ ಬಂದ್ ಆಯಿತು. ಬಂದರು ಬೇಕೋ ಬೇಡವೋ ಎಂಬುದರಲ್ಲಿ ಮೊದಲ ಮಾತು ಆ ದಂಡೆಯ ಮೇಲೆ ದೋಣಿ ಎಳೆಯುವವರದು. ಘಟ್ಟದ ಮೇಲಿನ ನಾವು ಅಲ್ಲಿ ಬುದ್ಧಿ ಹೇಳುವುದು ಶೋಭಿಸದು. ಆದರೆ ಘಟ್ಟದ ಮೇಲಿನ ನಮ್ಮ ಮನೆಗಳಲ್ಲಿಯೂ ಈ ಬಂದರಿನ ಕನಸು ಬೀಳುತ್ತಿದೆ. ಅದರ ಬಗೆಗೆ ಹೇಳುವ ಅಧಿಕಾರ ನಮಗುಂಟು.

2025ರ ಶ್ರಾವಣದಲ್ಲಿ ಆ ತಾಯಿ ತಮ್ಮ ತಂಗಿಯ ಮಗನನ್ನು ನಮ್ಮ ಮುಂದೆ ಕೂಡ್ರಿಸಿದರು. ಇಪ್ಪತ್ತೆಂಟರ ತರುಣ, ವಿನಯವಂತ. ಊರಿನಲ್ಲಿ ನಾಲ್ಕು ಎಕರೆ ಹೊಲ. ಎರಡು ಎಕರೆ ಮಾರಿ, ಬಂದ ಹಣವನ್ನು ಮುಂಗಡವಾಗಿ ಕೊಟ್ಟು ಟಿಪ್ಪರ್ ಕೊಳ್ಳುವ ವಿಚಾರ. ಬಂದರಿನ ಕಲ್ಲು, ಮಣ್ಣಿನ ಕೆಲಸ ಮೊದಲು, ಅದಿರು, ಕಲ್ಲಿದ್ದಲು ಆ ಮೇಲೆ ಎಂಬ ಲೆಕ್ಕ. ಅಜ್ಜಾರೇ ಒಂದು ಮಾತು ಹೇಳಿ ಎಂದು ಅವರು ಕೇಳಿದ್ದು ನಮ್ಮನ್ನೋ ಅಥವಾ ಗೋಡೆಯ ಮೇಲಿನ ಪತಿಯ ಭಾವಚಿತ್ರವನ್ನೋ ನಮಗೆ ತಿಳಿಯಲಿಲ್ಲ.

ಲಾಭವೆಷ್ಟು ಎಂದು ನಾವು ಕೇಳಲಿಲ್ಲ. ಅದನ್ನು ಆತ ಬಾಯಿಪಾಠ ಮಾಡಿದ್ದ. ಸಾಲದ ಕಂತು ಎಷ್ಟು ವರ್ಷ ಎಂದು ಕೇಳಿದೆವು. ಐದು ವರ್ಷ. ಹಳೆಯ ಅದಿರಿನ ಸಾಲು ಎಷ್ಟು ವರ್ಷ ಓಡಿತು? 2003ರಿಂದ 2010, ಏಳು ವರ್ಷ. ನಿನ್ನ ದೊಡ್ಡಪ್ಪ ಮೊದಲ ಲಾರಿಯೊಂದಿಗೆ ನಿಂತಿದ್ದರೆ ಕಂತು ತೀರುವ ಹಾದಿಯಲ್ಲಿತ್ತು. ಎರಡನೆಯದು ಬಂದದ್ದು ಆರನೆಯ ವರ್ಷದಲ್ಲಿ. ಇನ್ನೊಂದು ಪ್ರಶ್ನೆ ಕೇಳಿದೆವು. ಬೇಲೆಕೇರಿಯಲ್ಲಿ ನೀರು ಆಳವಿರಲಿಲ್ಲ, ಲಾರಿ, ಬಾರ್ಜು ಎಲ್ಲಕ್ಕೂ ಕೆಲಸವಿತ್ತು. ಕೇಣಿಯದು ದೊಡ್ಡ ಹಡಗು ನೇರವಾಗಿ ದಕ್ಕೆಗೆ ತಾಗುವ ಆಳನೀರಿನ ಬಂದರು ಎನ್ನುತ್ತಾರೆ. ಮೂರು ಕೋಟಿ ಟನ್ ಸರಕು ಅಲ್ಲಿಗೆ ಟಿಪ್ಪರುಗಳಲ್ಲಿ ಬರುವುದೋ, ರೈಲಿನಲ್ಲಿ ಬಂದು ಪಟ್ಟಿಯ ಮೇಲೆ ಸಾಗುವುದೋ? 1998ರ ಜನವರಿ 26ರಂದು ಪೂರ್ಣವಾದ ಕೊಂಕಣ ರೈಲು ಅಂಕೋಲೆಯಲ್ಲಿಯೇ ಹಾದುಹೋಗುತ್ತದೆ. 1990ರ ದಶಕದ ಕೊನೆಯಲ್ಲಿ ಮಂಜೂರಾಗಿ ಕಾಡಿನ ಅಡ್ಡಿಯಿಂದ ನಿಂತಿರುವ ಹುಬ್ಬಳ್ಳಿ-ಅಂಕೋಲಾ ಮಾರ್ಗವೂ ಮುಂದೊಂದು ದಿನ ಬಂದರೆ? 1888ರಲ್ಲಿ ಹತ್ತಿಯ ಗಾಡಿಗಳಿಗೆ ಆದದ್ದನ್ನು ಹೇಳಿದೆವು. ಆತನಿಗೆ ಅದು ಪುರಾಣದಂತೆ ಕೇಳಿಸಿತೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಸುಮ್ಮನೆ ಕೇಳಿದ ಮೇಲೆ ಆತ ನಮಗೊಂದು ಪ್ರಶ್ನೆ ಹಾಕಿದ. ಎರಡು ಎಕರೆ ಒಣ ಹೊಲದಲ್ಲಿ ಗೋವಿನಜೋಳ ಬೆಳೆದು ಹೆಣ್ಣು ಕೊಡುವವರನ್ನು ಎಲ್ಲಿ ಹುಡುಕಲಿ, ಅಜ್ಜಾ? ಓದುಗ ಬಂಧುಗಳು ತಮ್ಮ ಮನೆಯ ಹೆಣ್ಣುಮಕ್ಕಳ ಸಂಬಂಧ ನೋಡುವಾಗ ಹೊಲದ ಹುಡುಗನನ್ನು ಹೇಗೆ ಕಾಣುತ್ತಾರೆಂಬುದನ್ನು ನಾವು ಬಲ್ಲೆವು. ನಾವೇ ಎಷ್ಟು ಮದುವೆ ಮಾತುಕತೆಗಳಲ್ಲಿ ಕುಳಿತಿಲ್ಲ! ಅದಕ್ಕೆ ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಆ ತಾಯಿ ಎದ್ದು ಮಲ್ಲಾಪುರದ ಬಸ್ಸಿಗೆ ಹೊತ್ತಾಯಿತೆಂದು ಎಂಬತ್ತು ರೊಟ್ಟಿಗಳ ಎರಡು ಗಂಟುಗಳನ್ನು ಆತನ ಕೈಗೆ ಕೊಟ್ಟರು.

ಹೊಲವನ್ನು ಇನ್ನೂ ಮಾರಿಲ್ಲವೆಂದು ದೀಪಾವಳಿಯ ಹೊತ್ತಿಗೆ ಸುದ್ದಿ ಬಂತು. ಟಿಪ್ಪರಿನ ದರಪಟ್ಟಿಯೂ ಆತನ ಜೇಬಿನಲ್ಲಿಯೇ ಇದೆಯಂತೆ. ಸದ್ಯ ವಾರದಲ್ಲಿ ಮೂರು ದಿನ ಅಂಕೋಲೆಗೆ ಇಳಿದು, ದೊಡ್ಡಮ್ಮನ ರೊಟ್ಟಿಯ ಗಂಟುಗಳನ್ನು ಹಳೆಯ ಮೋಟಾರು ಸೈಕಲ್ಲಿನ ಮೇಲೆ ಕಾರವಾರದ ಮನೆಗಳಿಗೆ ಮುಟ್ಟಿಸುತ್ತಿದ್ದಾನೆ.